‘ಸಕ್ಕರೆ ಕಾಯಿಲೆ ಬುಡಸಮೇತ ಗುಣ’ ಅನ್ನುವ ಜಾಹೀರಾತು ಕಂಡರೆ ಮೊದಲು ಇದನ್ನು ಓದಿ

ನಮ್ಮ ಚಿಕ್ಕಮ್ಮನಿಗೆ ಶುಗರ್ ಬಂದು ಬಹಳ ವರ್ಷ ಆಯ್ತು. ಮಾತ್ರೆ ನುಂಗಿ ನುಂಗಿ ಬೇಸತ್ತಿದ್ದರು. ಮೊಬೈಲಿನಲ್ಲಿ ಒಂದು ವಿಡಿಯೋ ಬಂತು. ಬಿಳಿ ಕೋಟಿನವನೊಬ್ಬ ‘ಮೂರೇ ತಿಂಗಳಲ್ಲಿ ಸಕ್ಕರೆ ಕಾಯಿಲೆ ಬುಡಸಮೇತ ಗುಣ’ ಎನ್ನುತ್ತಿದ್ದ. ಚಿಕ್ಕಮ್ಮ ನಂಬಿ ಪುಡಿ ತರಿಸಿಕೊಂಡರು.

ಆಮೇಲೆ ಡಾಕ್ಟರ್ ಅಂತ ಹೇಳಿಕೊಂಡು ಒಬ್ಬ ಫೋನ್ ಮಾಡಿದ. ‘ಅಮ್ಮಾ, ಇಂಗ್ಲಿಷ್ ಮಾತ್ರೆ ಬಿಟ್ಟರೆ ಮಾತ್ರ ಇದು ಕೆಲಸ ಮಾಡೋದು’ ಅಂದ. ಇವರು ಮನೆಯಲ್ಲಿ ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿಬಿಟ್ಟರು. ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ಸುಸ್ತು ಶುರುವಾಯಿತು. ಅವನನ್ನೇ ಕೇಳಿದರೆ, ‘ಮೈಯಲ್ಲಿರೋ ವಿಷ ಹೊರಗೆ ಹೋಗ್ತಿದೆ, ಹೆದರಬೇಡಿ’ ಅಂದನಂತೆ. ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಈ ಮಾತಿಗೇ. ಶುಗರ್ ಏರುತ್ತಿರುವ ಲಕ್ಷಣವನ್ನೇ ಔಷಧಿಯ ಗುಣ ಎಂದು ನಂಬಿಸಿದ. ವಾಂತಿಯಾಗಿ ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಶುಗರ್ 500 ದಾಟಿತ್ತು. ಐಸಿಯುವಿನಲ್ಲಿದ್ದು ಹೇಗೋ ಉಳಿದರು.

ಡಬ್ಬಿ ತಿರುಗಿಸಿ ನೋಡಿದೆ. ಹಿಂದುಗಡೆ, ಕಣ್ಣಿಗೆ ಕಾಣದಷ್ಟು ಚಿಕ್ಕ ಅಕ್ಷರದಲ್ಲಿ ‘ಆಹಾರ ಪೂರಕ. ಯಾವುದೇ ಕಾಯಿಲೆ ಗುಣಪಡಿಸಲು ಅಲ್ಲ’ ಎಂದಿತ್ತು! ಇದ್ದದ್ದು ಆಹಾರ ಪದಾರ್ಥಗಳಿಗೆ ಸರ್ಕಾರಿ ಸಂಸ್ಥೆ ಕೊಡುವ ಎಫ್‌ಎಸ್‌ಎಸ್‌ಎಐ ನಂಬರ್ ಮಾತ್ರ. ಆಯುರ್ವೇದ ಔಷಧವಾಗಿದ್ದರೆ ಅದನ್ನು ತಯಾರಿಸುವ ಲೈಸೆನ್ಸ್ ನಂಬರ್ ಇರಲೇಬೇಕಿತ್ತು. ವಿಡಿಯೋದಲ್ಲಿ ಔಷಧ, ಡಬ್ಬಿ ಮೇಲೆ ಆಹಾರ.

ತುಂಬಾ ಜನರಿಗೆ ಗೊತ್ತಿಲ್ಲದ ವಿಷಯ ಒಂದಿದೆ. ನಮ್ಮ ದೇಶದಲ್ಲಿ 1954ರಿಂದಲೇ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ಇದೆ. ಅದರ ಪಟ್ಟಿಯಲ್ಲಿ 54 ಕಾಯಿಲೆ, ತೊಂದರೆಗಳಿವೆ. ಸಕ್ಕರೆ ಕಾಯಿಲೆ, ಕ್ಯಾನ್ಸರ್, ಬಿಪಿ, ಲಕ್ವ, ಮೂರ್ಛೆ ರೋಗ, ಬೊಜ್ಜು ಎಲ್ಲ ಅದರಲ್ಲಿವೆ. ಇವನ್ನು ಗುಣಪಡಿಸುತ್ತೇವೆ ಎಂದು ಜನರಿಗೆ ಜಾಹೀರಾತು ಕೊಡುವುದೇ ಅಪರಾಧ. ಪುಡಿ ಕೆಲಸ ಮಾಡುತ್ತೋ ಇಲ್ವೋ ಅನ್ನುವ ಚರ್ಚೆಯೇ ಬೇಕಿಲ್ಲ. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಅಥವಾ ಎರಡೂ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಸುಳ್ಳು ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು.

ಕಾನೂನು ಇಷ್ಟು ಗಟ್ಟಿ ಇದ್ದರೂ ಯಾರಾದರೂ ದೂರು ಕೊಡದೆ ಅದು ಏಳುವುದು ಕಡಿಮೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಆಯುರ್ವೇದದ ಹೆಸರು ಹೇಳಿ ಮಾರಿದ್ದರೆ ರಾಜ್ಯದ ಆಯುಷ್ ಇಲಾಖೆಗೂ ಬರೆಯಿರಿ. 2025ರಲ್ಲಿ ಶುರುವಾದ ‘ಆಯುಷ್ ಸುರಕ್ಷಾ’ ಪೋರ್ಟಲ್‌ನಲ್ಲೂ ದೂರು ಕೊಡಬಹುದು. ಆದರೆ ಮೊದಲು ಜಾಹೀರಾತನ್ನು ತಾರೀಕು ಕಾಣುವಂತೆ ಉಳಿಸಿಕೊಳ್ಳಿ. ನಾವು ದೂರು ಕೊಟ್ಟ ಮೇಲೆ ಆ ವಿಡಿಯೋ ಮಾಯವಾಯಿತು, ಸ್ವಲ್ಪ ದಿನಕ್ಕೆ ಅದೇ ಮುಖ ಬೇರೆ ಹೆಸರಿನ ಪುಡಿ ಮಾರುತ್ತಿತ್ತು. ಬಿಲ್, ಡಬ್ಬಿ, ಫೋನ್ ಮಾಡಿದವನ ನಂಬರ್, ಯಾವುದನ್ನೂ ಎಸೆಯಬೇಡಿ.

ನಿಮ್ಮ ಮನೆಯಲ್ಲಿ ಯಾರಾದರೂ ಈಗಾಗಲೇ ಇಂಥದ್ದು ತಗೊಳ್ತಿದ್ದರೆ ದಯವಿಟ್ಟು ಬೈಯಬೇಡಿ. ಬೈದರೆ ಮುಚ್ಚಿಡುತ್ತಾರೆ. ಮಾತ್ರೆ ಬಿಟ್ಟಿದ್ದಾರಾ ಅಂತ ಮೆಲ್ಲಗೆ ಕೇಳಿ, ಇವತ್ತೇ ಶುಗರ್ ಚೆಕ್ ಮಾಡಿಸಿ, ಡಬ್ಬಿ ಸಮೇತ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಶುಗರ್ ಇಳಿದಿದೆ ಅಂದರೂ ಹೋಗಿ. ಗಿಡಮೂಲಿಕೆ ಎಂದು ಮಾರಿದ ಇಂಥ ಕೆಲವು ಪುಡಿಗಳಲ್ಲಿ ಶುಗರ್ ಇಳಿಸುವ ಇಂಗ್ಲಿಷ್ ಔಷಧಿಯನ್ನೇ ಗುಟ್ಟಾಗಿ ಬೆರೆಸಿದ್ದು ಲ್ಯಾಬ್ ಪರೀಕ್ಷೆಗಳಲ್ಲಿ ಸಿಕ್ಕಿದೆ. ಎಷ್ಟು ಬೆರೆಸಿದ್ದಾರೆ ಎಂದು ತಿನ್ನುವವರಿಗೆ ತಿಳಿಯುವುದೇ ಇಲ್ಲ.