ಕುಂಬಾರವಾಡೆಯ ಮಾವಳ ಗೊಂಬೆಗಳು, ನಮ್ಮ ಡಿ ಅಂಡ್ ಡಿ ಮೇಜಿನ ಮೇಲೆ

ಪುಣೆಯಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ, ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುವ ಆಟ) ಆಡುವ ಕನ್ನಡದವರು ಯಾರಾದರೂ ಇದ್ದರೆ, ಆ ಪಾತ್ರಗಳಿಗೆ ಅಂತ ಮ್ಯಾಪಿನ ಮೇಲೆ ನಿಲ್ಲಿಸುವ ಮಿನಿಯೇಚರ್ ಗೊಂಬೆಗಳಿಗೆ ದುಡ್ಡು ಸುರಿಯುವ ಮೊದಲು ಒಂದು ಸಲ ಕಸಬಾ ಪೇಠದ ಕುಂಬಾರವಾಡೆಗೆ ಹೋಗಿ ಬನ್ನಿ. ಶನಿವಾರವಾಡೆಯಿಂದ ನಡೆದೇ ಹೋಗಬಹುದು. ದೀಪಾವಳಿಗೆ ಹತ್ತು ಹದಿನೈದು ದಿನ ಇರುವಾಗ ಹೋಗಬೇಕು. ಇಲ್ಲಿನ ಮಕ್ಕಳು ಹಬ್ಬಕ್ಕೆ ಮನೆ ಮುಂದೆ ಕಲ್ಲು, ಮಣ್ಣು, ಗೋಣಿಚೀಲ ಹಾಕಿ ಕೋಟೆ ಕಟ್ಟುತ್ತಾರಲ್ವಾ, ಅದರ ಮೇಲೆ ನಿಲ್ಲಿಸುವ ಗೊಂಬೆಗಳು ಅಲ್ಲಿ ಸಾಲುಸಾಲಾಗಿ ಇರುತ್ತವೆ. ಶಿವಾಜಿ ಮಹಾರಾಜರ ಸೈನಿಕರಾದ ಮಾವಳರು, ಕುದುರೆ ಸವಾರರು, ತೋಪು, ಹುಲಿ, ಆನೆ, ಕುಸ್ತಿ ಹಿಡಿದ ಪೈಲ್ವಾನರು, ಬೀಸುವ ಕಲ್ಲಿನ ಮುಂದೆ ಕೂತ ಹೆಂಗಸು. ಆಟಕ್ಕೆ ಬೇಕಾದ ಇಡೀ ಊರೇ ಅಲ್ಲಿದೆ.

ನಾವು ಐದು ಜನ. ಧಾರವಾಡ, ವಿಜಯಪುರ, ಬೆಳಗಾವಿ ಕಡೆಯವರು. ಭಾನುವಾರ ಕೋಥ್ರೂಡಿನ ನಮ್ಮ ಮನೆಯಲ್ಲಿ ಸೇರುತ್ತೇವೆ, ಕಥೆ ನಡೆಸುವ ಡಿಎಂ (ಡಂಜನ್ ಮಾಸ್ಟರ್) ನಾನೇ. ಮೊದಲ ವರ್ಷ ಕೇರಂ ಪಾನ್ ಇಟ್ಟು ಆಡಿದೆವು. ಪಾನ್ 3 ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ ಅಗಲ, ಮ್ಯಾಪಿನ ಚೌಕ ಒಂದೇ ಇಂಚು, ಹಾಗಾಗಿ ಪಕ್ಕದ ಚೌಕಕ್ಕೆ ಕಾಲು ಚಾಚುತ್ತಿತ್ತು. ಜೊತೆಗೆ ಒಂಬತ್ತು ಕರಿ ಪಾನ್‌ಗಳಲ್ಲಿ ಗಾಯವಾದ ಗಾಬ್ಲಿನ್ (ಆಟದಲ್ಲಿ ಬರುವ ಕುಳ್ಳ ರಾಕ್ಷಸ) ಯಾವುದು ಅಂತ ಪ್ರತಿ ಸುತ್ತಿಗೂ ಕೇಳಬೇಕು. ಆಮೇಲೆ ನಾಣ್ಯಕ್ಕೆ ಬಂದೆವು. 2011ರ ಸರಣಿಯ 2 ರೂಪಾಯಿ ನಾಣ್ಯ 25 ಮಿಲಿಮೀಟರ್, ಒಂದು ಇಂಚಿನ ಚೌಕಕ್ಕೆ ಸರಿಯಾಗಿ ಕೂರುತ್ತದೆ. ಆದರೆ ನಾಣ್ಯ ನೋಡಿ ಯಾರಿಗೂ ಭಯ ಆಗಲ್ಲ. ಆನ್‌ಲೈನ್‌ನಲ್ಲಿ ಮಿನಿ ತರಿಸಿದ್ದೂ ಆಯಿತು, ಆರರಲ್ಲಿ ಎರಡು ಮಿನಿ ಪಾದ ಮುರಿದುಕೊಂಡೇ ಬಂದವು, ದುಡ್ಡು ವಾಪಸ್ ಬರಲಿಲ್ಲ.

ಈಗ ಈ ಮಾವಳನನ್ನು ನೋಡಿ. ಮೂರು ಇಂಚು ಎತ್ತರ, ಕೆಂಪು ಮುಂಡಾಸು, ಎಡಗೈಯಲ್ಲಿ ಗುರಾಣಿ. ಮೀಸೆ ಒಂದೇ ಎಳೆತದಲ್ಲಿ ಬರೆದದ್ದು, ಬಲಗಡೆ ಸ್ವಲ್ಪ ಮೇಲೆ ಹೋಗಿದೆ. ತಿರುಗಿಸಿದರೆ ಬುಡದಲ್ಲಿ ಹೆಬ್ಬೆರಳು ಒತ್ತಿದ ಗುರುತು. ಅಚ್ಚು ಒಂದೇ ಆದರೂ ಬಣ್ಣ ಹಚ್ಚಿದ್ದು ಕೈಯಿಂದ, ಅದಕ್ಕೇ ಒಬ್ಬನ ಹಾಗೆ ಇನ್ನೊಬ್ಬ ಇಲ್ಲ. ನಮ್ಮಲ್ಲಿ ಫೈಟರ್, ಅಂದರೆ ಯೋಧನ ಪಾತ್ರ, ಆಡುವ ಗೆಳೆಯ ಈ ಓರೆ ಮೀಸೆಯವನನ್ನೇ ಹಿಡಿದುಕೊಂಡ, ಇವತ್ತಿಗೂ ಬೇರೆಯವರಿಗೆ ಮುಟ್ಟಲು ಕೊಡಲ್ಲ.

ಚಿಕ್ಕದಕ್ಕೆ 30 ರೂಪಾಯಿ, ಸವಾರನಿಗೆ 70 ಕೊಟ್ಟೆ. ಹನ್ನೆರಡು ಆರಿಸುತ್ತಾ ಕೂತಾಗ ಅಂಗಡಿಯ ಮಾವಶಿ ಕೇಳಿದರು, "ದಾದಾ, ಎಷ್ಟು ದೊಡ್ಡ ಕೋಟೆ ಕಟ್ಟಿದ್ದೀರಿ?" ಮೇಜಿನ ಮೇಲೆ ಆಡುತ್ತೇವೆ ಅಂದೆ. ಕೂಡಲೇ ಒಳಗಿನಿಂದ ಬುಡ ಸಪಾಟಾಗಿರುವ ನಾಲ್ಕನ್ನು ತಂದು ಕೊಟ್ಟರು. ಅಲುಗಾಡದೆ ನಿಲ್ಲುತ್ತವೆ.

ಅಳತೆ ಬಗ್ಗೆ ಹೇಳಲೇಬೇಕು. ಅಂಗಡಿ ಮಿನಿಗಳು ಸಾಮಾನ್ಯವಾಗಿ 28 ಮಿಲಿಮೀಟರ್ ಅಳತೆಯವು, ಇವು ಅದರ ಎರಡೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಒಂದು ಇಂಚಿನ ಗ್ರಿಡ್ ಮರೆತುಬಿಡಿ. 22ಕ್ಕೆ 28 ಇಂಚಿನ ಡ್ರಾಯಿಂಗ್ ಶೀಟ್ ಮೇಲೆ ಎರಡು ಇಂಚಿನ ಚೌಕ ಎಳೆಯಿರಿ, ಒಂದು ಚೌಕ ಅಂದರೆ ಆಟದಲ್ಲಿ ಎಂದಿನಂತೆ 5 ಅಡಿ. 11 ಅಡ್ಡ, 14 ಉದ್ದ ಸಿಗುತ್ತದೆ, ಅಂದರೆ 55ಕ್ಕೆ 70 ಅಡಿಯ ಜಾಗ. ಒಂದು ಹಜಾರ, ಎರಡು ಕೋಣೆಗೆ ಸಾಕು. ಫೈರ್‌ಬಾಲ್ ಎಂಬ ಬೆಂಕಿ ಮಂತ್ರಕ್ಕೆ 20 ಅಡಿ ತ್ರಿಜ್ಯ, ಹಾಗಾಗಿ 8 ಇಂಚಿನ ದಾರಕ್ಕೆ ಪೆನ್ಸಿಲ್ ಕಟ್ಟಿ ಸುತ್ತು ಎಳೆಯುತ್ತೇವೆ.

ಕೊರತೆಯೂ ಇದೆ. ಬೆವರಿದ ಕೈಗೆ ಬಣ್ಣ ಅಂಟುತ್ತದೆ, ಮನೆಗೆ ತಂದ ದಿನವೇ ಮೇಲೊಂದು ವಾರ್ನಿಶ್ ಹೊಡೆಯಿರಿ. ಬುಡ ಕೆಂಪಗಿದ್ದರೆ ಸುಟ್ಟ ಮಣ್ಣು, ಸುಣ್ಣದ ಹಾಗಿದ್ದರೆ ಪಿಒಪಿ. ನನಗೆ ಮಣ್ಣಿನದೇ ಇಷ್ಟ. ಈಟಿ, ಕತ್ತಿ ಬೇಗ ಮುರಿಯುತ್ತವೆ, ಕಸಬರಿಗೆ ಕಡ್ಡಿ ಕತ್ತರಿಸಿ ಫೆವಿಕಾಲ್ ಹಾಕಿ ಕೂರಿಸಿದರೆ ಮೊದಲಿಗಿಂತ ಗಟ್ಟಿ.

ಮಹಾರಾಜರ ಗೊಂಬೆಯನ್ನು ನಾವು ಆಟಕ್ಕೆ ಇಳಿಸುವುದಿಲ್ಲ. ಅದು ಶೆಲ್ಫಿನ ಮೇಲಿದೆ.

ಹೀಗೆ ಸಿಕ್ಕಿದ್ದನ್ನು ಆಟಕ್ಕೆ ಎಳೆದುಕೊಳ್ಳುವುದು ಈ ಆಟದ ಹುಟ್ಟುಗುಣ. 1974ರಲ್ಲಿ ಡಿ ಅಂಡ್ ಡಿ ತಂದ ಇಬ್ಬರಲ್ಲಿ ಒಬ್ಬರಾದ ಗ್ಯಾರಿ ಗೈಗ್ಯಾಕ್ಸ್, ಅಗ್ಗದ ಪ್ಲಾಸ್ಟಿಕ್ ಪ್ರಾಣಿಗಳ ಪೊಟ್ಟಣದಿಂದಲೇ ರಸ್ಟ್ ಮಾನ್‌ಸ್ಟರ್, ಔಲ್‌ಬೇರ್, ಬುಲೆ ಎಂಬ ಮೃಗಗಳನ್ನು ಹುಟ್ಟಿಸಿದರು. ನಮ್ಮ ಮಿನೊಟಾರ್ (ಗೂಳಿ ತಲೆಯ ರಾಕ್ಷಸ) ಕೂಡ ಹಾಗೇ ಬಂತು. ಮಣ್ಣೆತ್ತಿನ ಅಮಾವಾಸ್ಯೆಗೆ ಊರಲ್ಲಿ ಅವ್ವ ಮಾಡಿದ ಒಂದು ಎತ್ತು ನನ್ನ ಬಳಿ ಒಣಗಿ ಉಳಿದಿತ್ತು. ಅದನ್ನು ಹಜಾರದ ನಡುವೆ ಇಟ್ಟ ಕೂಡಲೇ ಉಳಿದ ನಾಲ್ವರಲ್ಲಿ ಯಾರೂ ಮಾತಾಡಲಿಲ್ಲ.

ಹೋಗುವಾಗ ಹಳೆ ಪೇಪರು, ಗಟ್ಟಿ ರಟ್ಟಿನ ಡಬ್ಬಿ ಒಯ್ಯಿರಿ. ಬೈಕಿಗೆ ಕೈಚೀಲ ತೂಗುಹಾಕಿ ತಂದ ಮೊದಲ ಸಲ ನನ್ನ ಮೂರು ಈಟಿ ದಾರಿಯಲ್ಲೇ ಮುರಿದವು.