ಬೆಲ್ಲದ ಪುಡಿಯ ನಡುವೆ ಒಂದು ಲಿಮಿಟ್ ಸ್ವಿಚ್

ಮಂಡ್ಯದ ಹತ್ತಿರ ತೂಬಿನಕೆರೆ ಕೈಗಾರಿಕಾ ಪ್ರದೇಶದಲ್ಲಿ ನಮ್ಮದು ಬೆಲ್ಲದ ಪುಡಿ ಪ್ಯಾಕ್ ಮಾಡುವ ಸಣ್ಣ ಘಟಕ. ಯಂತ್ರಗಳ ನಿರ್ವಹಣೆ ನನ್ನ ಕೆಲಸ. ಪ್ಯಾಕೆಟ್ಟಿನ ಬಾಯಿ ಅಂಟಿಸುವ ಗಾಳಿ ಸಿಲಿಂಡರಿಗೆ ಹಾಕಿರುವ ರೋಲರ್ ಲಿವರ್ ಲಿಮಿಟ್ ಸ್ವಿಚ್ಚಿನ ಬಗ್ಗೆ ಈ ಬರಹ. ಚಲಿಸುವ ಭಾಗ ಬಂದು ಲಿವರಿನ ತುದಿಯ ರೋಲರನ್ನು ಒತ್ತಿದರೆ, ಅದು ತಲುಪಿತೆಂದು ಈ ಸ್ವಿಚ್ ತಿಳಿಸುತ್ತದೆ. ಲೋಹದ ಮೈ, ದೂಳು, ನೀರು ಒಳಹೋಗದಂತೆ ಐಪಿ 67 ರಕ್ಷಣೆ, ಒಳಗೆ ಒಂದು ಎನ್‌ಒ (ಒತ್ತದಿದ್ದಾಗ ತೆರೆದಿರುವ), ಒಂದು ಎನ್‌ಸಿ (ಒತ್ತದಿದ್ದಾಗ ಮುಚ್ಚಿರುವ) ಸಂಪರ್ಕ. ಕೊಂಡದ್ದು ಮೈಸೂರಿನ ಹೆಬ್ಬಾಳದ ಅಂಗಡಿಯೊಂದರಲ್ಲಿ.

“ಈಗ ಇದನ್ನು ಯಾರು ಕೇಳುತ್ತಾರೆ ಸಾರ್? ರೀಡ್ ಸ್ವಿಚ್ ಕೊಡುತ್ತೇನೆ, ಸಿಲಿಂಡರಿನ ಮೈಮೇಲೆಯೇ ಕೂರುತ್ತದೆ” ಎಂದರು ಅಂಗಡಿಯವರು. ಅದೇ ಇತ್ತು ನಮ್ಮಲ್ಲಿ. ರೀಡ್ ಸ್ವಿಚ್ಚಿಗೆ ಕಾಣುವುದು ಪಿಸ್ಟನ್ನಿನ ಆಯಸ್ಕಾಂತ ಮಾತ್ರ. ಒಂದು ದಿನ ರಾಡಿನ ತುದಿಯ ಪಿನ್ ಕಳಚಿಕೊಂಡಿತು. ಪಿಸ್ಟನ್ ಹೋಗಿ ಬರುತ್ತಿತ್ತು, ರೀಡ್ ಸ್ವಿಚ್ಚಿನ ಕೆಂಪು ದೀಪ ಸರಿಯಾಗಿ ಉರಿಯುತ್ತಿತ್ತು, ಯಂತ್ರವನ್ನು ನಡೆಸುವ ಪುಟ್ಟ ಕಂಪ್ಯೂಟರ್ ಪಿಎಲ್‌ಸಿಗೆ ಎಲ್ಲವೂ ಕ್ಷೇಮ. ಬಾಯಿ ಅಂಟಿಸುವ ಬಿಸಿ ಪಟ್ಟಿ, ಅಂದರೆ ಸೀಲಿಂಗ್ ಬಾರ್ ಮಾತ್ರ ನಿಂತಲ್ಲೇ ನಿಂತಿತ್ತು. ಬಾಯಿ ತೆರೆದ ಪ್ಯಾಕೆಟ್ಟುಗಳು ಬೆಲ್ಟಿನ ಮೇಲೆ ಮಗುಚಿ, ಬೆಲ್ಲವೆಲ್ಲ ರೋಲರುಗಳಿಗೆ ಮೆತ್ತಿಕೊಂಡಿತು. ಅದನ್ನು ಕೆರೆದು ತೆಗೆದವರಿಗೇ ಗೊತ್ತು ಆ ಸುಖ.

ಆದ್ದರಿಂದ ಹೊಸ ಸ್ವಿಚ್ಚನ್ನು ಸಿಲಿಂಡರಿನ ಮೇಲಲ್ಲ, ಬಾರ್ ಬಂದು ತಲುಪುವ ಜಾಗದಲ್ಲಿ ಕೂರಿಸಿದೆ. ಬಾರ್ ನಿಜವಾಗಿ ಬಂದು ರೋಲರನ್ನು ಒತ್ತಿದರೆ ಮಾತ್ರ ಅಂಟಿಸುವ ಟೈಮರ್ ಶುರು. ಸಮಯ ಮುಗಿದರೆ ಗಾಳಿಯ ವಾಲ್ವನ್ನು ನಡೆಸುವ ಕಾಯಿಲ್, ಅಂದರೆ ಸೊಲೆನಾಯ್ಡ್ ಆಫ್, ಬಾರ್ ವಾಪಸ್. ಅಲ್ಲಿ ಇನ್ನೊಂದು ಸ್ವಿಚ್ ಒತ್ತಿದ ಮೇಲೆಯೇ ಮುಂದಿನ ಪ್ಯಾಕೆಟ್. ವಾಲ್ವ್ 5/2 (ಐದು ದ್ವಾರ, ಎರಡು ಸ್ಥಾನ), ಒಂದೇ ಕಾಯಿಲಿನದು, ಸ್ಪ್ರಿಂಗ್ ರಿಟರ್ನ್: ಕರೆಂಟ್ ಹೋದರೆ ಸ್ಪ್ರಿಂಗೇ ವಾಪಸ್ ತಳ್ಳುತ್ತದೆ. ಎರಡು ಕಾಯಿಲಿನದಾದರೆ ಕರೆಂಟ್ ಹೋದಾಗ ವಾಲ್ವಿನೊಳಗೆ ಗಾಳಿಯ ದಾರಿ ಬದಲಿಸುವ ಸ್ಪೂಲ್ ಇದ್ದಲ್ಲೇ ಇರುತ್ತದೆ, ಬಿಸಿ ಬಾರ್ ಪ್ಯಾಕೆಟ್ಟನ್ನು ಕಚ್ಚಿ ಹಿಡಿದು ಕರಗಿಸಿಬಿಡುತ್ತದೆ.

ಜೋಡಣೆಯಲ್ಲಿ ಅವಸರ ಬೇಡ. 50 ಮಿ.ಮೀ. ವ್ಯಾಸದ ಸಿಲಿಂಡರ್ 6 ಬಾರ್ ಒತ್ತಡದಲ್ಲಿ ಲೆಕ್ಕಕ್ಕೆ ಸುಮಾರು 120 ಕಿಲೋ ಭಾರದಷ್ಟು ತಳ್ಳುತ್ತದೆ. ಆ ಬಲ ನೇರವಾಗಿ ಲಿವರಿಗೆ ಬಡಿದರೆ ಸ್ವಿಚ್ ಎಷ್ಟು ದಿನ ಬಾಳೀತು? ಬಾರಿಗೆ ಇಳಿಜಾರಿನ ಒಂದು ತಗಡು ಕಟ್ಟಿ, ರೋಲರ್ ಅದರ ಮೇಲೆ ಹತ್ತುವಂತೆ ಮಾಡಿದೆ. ತಡೆಯುವ ಕೆಲಸಕ್ಕೆ ಬೇರೆ ಸ್ಟಾಪರ್ ಇದೆ. ಹೊರಹೋಗುವ ಗಾಳಿಯನ್ನು ಫ್ಲೋ ಕಂಟ್ರೋಲಿನಿಂದ ಬಿಗಿಮಾಡಿದ್ದರಿಂದ ಬಾರ್ ಈಗ ಬಡಿಯುವುದಿಲ್ಲ, ಬಂದು ಕೂರುತ್ತದೆ.

ಇದರ ದೊಡ್ಡ ಶತ್ರು ಬೆಲ್ಲವೇ. ಮಳೆಗಾಲದಲ್ಲಿ ಪುಡಿ ತೇವ ಹೀರಿ ಜಿಗುಟಾಗುತ್ತದೆ, ಲಿವರ್ ಒತ್ತಿದಲ್ಲೇ ಅಂಟಿಕೊಳ್ಳುತ್ತದೆ. ಐಪಿ 67 ಎನ್ನುವುದು ಒಳಗಿನ ಸಂಪರ್ಕಗಳಿಗೆ ರಕ್ಷಣೆಯೇ ಹೊರತು ಹೊರಗಿನ ರೋಲರಿಗಲ್ಲ. ಅದಕ್ಕೇ ಪ್ರೋಗ್ರಾಮಿನಲ್ಲಿ ಎರಡು ಕಾವಲು ಹಾಕಿದ್ದೇನೆ: ಎರಡೂ ಸ್ವಿಚ್ಚುಗಳು ಒಟ್ಟಿಗೆ ಆನ್ ಇದ್ದರೆ ಯಂತ್ರ ನಿಲ್ಲಬೇಕು, ಬಾರ್ ಹೊರಟು ನಿಗದಿತ ಸಮಯದಲ್ಲಿ ತಲುಪದಿದ್ದರೂ ನಿಲ್ಲಬೇಕು. ವೈರ್ ತುಂಡಾದರೆ ಎರಡನೆಯದು ಹಿಡಿಯುತ್ತದೆ. ಒರೆಸಲು ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಸಾಕು. ಏರ್ ಗನ್ನಿನಿಂದ ಊದುವ ಚಪಲ ಎಲ್ಲರಿಗೂ ಇದೆ, ನಮ್ಮ ಯಜಮಾನರಿಗೂ ಇದೆ. ಪುಡಿ ಇನ್ನಷ್ಟು ಒಳಗೆ ಹೋಗಿ ಕೂರುವುದೊಂದೇ ಅದರ ಫಲ.

ನಾನು ಎಣಿಸದೇ ಇದ್ದ ಒಂದು ಲಾಭವೂ ಸಿಕ್ಕಿತು. ಸ್ವಿಚ್ ತಿರುಗುವಾಗ ಸಣ್ಣಗೆ ‘ಟಕ್’ ಎನ್ನುತ್ತದೆ. ಮೊನ್ನೆ ಪ್ಯಾಕಿಂಗ್ ಹೆಣ್ಣುಮಗಳೊಬ್ಬಳು ಬಂದು, “ಅಣ್ಣ, ಆ ಶಬ್ದ ಯಾಕೋ ತಡವಾಗಿ ಬರುತ್ತಿದೆ” ಎಂದಳು. ನೋಡಿದರೆ ಲಿವರಿನ ಸ್ಕ್ರೂ ಸಡಿಲ. ರೀಡ್ ಸ್ವಿಚ್ಚಿನಲ್ಲಿ ಈ ಸೌಕರ್ಯ ಎಲ್ಲಿಂದ ಬರಬೇಕು?

ಆ ಸ್ಕ್ರೂವೇ ನನ್ನ ಮುಖ್ಯ ದೂರು. ಯಂತ್ರದ ಅದುರುವಿಕೆಗೆ ಸಡಿಲವಾಗುತ್ತದೆ. ಬಿಗಿ ಮಾಡಿ, ಮೈ ಮತ್ತು ಲಿವರ್ ಎರಡಕ್ಕೂ ಸೇರುವಂತೆ ಬಣ್ಣದ ಗೆರೆ ಎಳೆದಿಡಿ, ಜಾರಿದರೆ ಕಣ್ಣಿಗೆ ಬೀಳುತ್ತದೆ. ಟರ್ಮಿನಲ್ ಸಂಖ್ಯೆಗಳನ್ನು ಟಾರ್ಚ್ ಇಲ್ಲದೆ ಓದಲಾಗದು.

ಕಿರಿದಾದ ಜಾಗವಿದ್ದರೆ ಅಥವಾ ಯಂತ್ರ ಬಹಳ ವೇಗದ್ದಾದರೆ ಇದನ್ನು ಕೊಳ್ಳಬೇಡಿ, ಮುಟ್ಟದೆಯೇ ಗುರುತಿಸುವ ಪ್ರಾಕ್ಸಿಮಿಟಿ ಸೆನ್ಸರ್ ನೋಡಿ. ಕೊಂಡರೆ, ವೈರ್ ಒಳಹೋಗುವ ತೂತನ್ನು ಬಿಗಿಯಾಗಿ ಮುಚ್ಚುವ ಕೇಬಲ್ ಗ್ಲ್ಯಾಂಡನ್ನು ಕೇಳಿ ಪಡೆಯಿರಿ, ಡಬ್ಬಿಯಲ್ಲಿ ಇರುವುದಿಲ್ಲ. ಅದಿಲ್ಲದೆ ಐಪಿ 67 ಎನ್ನುವುದು ಮುದ್ರಿಸಿದ ಅಕ್ಷರವಷ್ಟೇ.