ಟಿಟಿ, ಕೇಮನ್, ಎಫ್-ಟೈಪ್: ಕೊಡಗಿನ ಮಳೆಗೆ ಯಾವ ಹಳೇ ಕೂಪೆ?

ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ಅಂದ ತಕ್ಷಣ ಎಲ್ಲರೂ ಕೇಳುವುದು ಎಷ್ಟು ಕಿಲೋಮೀಟರ್ ಓಡಿದೆ ಅಂತ. ಕೊಡಗಿನಲ್ಲಿ ಕೇಳಬೇಕಾದ್ದು ಎಷ್ಟು ದಿನ ಓಡದೆ ನಿಂತಿತ್ತು ಅಂತ. ಮಳೆ ಜೋರಾದ ಕಕ್ಕಡ ತಿಂಗಳಲ್ಲಿ ಬೀರುವಿನಲ್ಲಿಟ್ಟ ಚರ್ಮದ ಬೆಲ್ಟಿಗೂ ಬೂಷ್ಟು ಹಿಡಿಯುವ ಊರು ಇದು. ಅಂಥ ಹವೆಯಲ್ಲಿ ಶೆಡ್ಡಿನೊಳಗೆ ತಿಂಗಳುಗಟ್ಟಲೆ ನಿಂತ ಕಾರಿನ ಮೀಟರ್ ಎಷ್ಟು ಕಡಿಮೆ ತೋರಿಸಿದರೂ ನನಗೆ ಸಮಾಧಾನವಿಲ್ಲ. ಕನೆಕ್ಟರ್‌ಗಳಿಗೆ ಪಾಚಿ ಬಣ್ಣ ಬರುತ್ತದೆ, ಬ್ರೇಕ್ ಡಿಸ್ಕಿಗೆ ತುಕ್ಕು. ಇಲಿಗಳಂತೂ ವೈರಿಂಗ್ ಬಿಡುವುದೇ ಇಲ್ಲ. ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ ಶೇಕಡ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್ ತೇವ ಎಳೆದುಕೊಳ್ಳುತ್ತದೆ, ಟ್ಯಾಂಕಿನಲ್ಲಿ ಸುಮ್ನೆ ಬಿಟ್ಟಷ್ಟೂ ತೊಂದರೆ.

ಈ ಲೆಕ್ಕ ಇಟ್ಟುಕೊಂಡು ಮೂರು ಕೂಪೆ, ಅಂದರೆ ಎರಡು ಬಾಗಿಲಿನ ಕಾರು, ಓಡಿಸಿ ನೋಡಿದೆ. 2015ರ ನಂತರದ ಆಡಿ ಟಿಟಿ, ಪೋರ್ಷ ಕೇಮನ್ 981, ಜಾಗ್ವಾರ್ ಎಫ್-ಟೈಪ್ ವಿ6 ಎಸ್. ಮೂರಕ್ಕೂ ಒಂದೇ ರಸ್ತೆ: ಮಡಿಕೇರಿಯಿಂದ ಮೂರ್ನಾಡು ಮೇಲೆ ವಿರಾಜಪೇಟೆ. ಹಂಪು, ಗುಂಡಿ, ಎದುರಿಗೆ ಬರುವ ಖಾಸಗಿ ಬಸ್ಸು, ಎಲ್ಲವೂ ಇರುವ ದಾರಿ.

ಎಫ್-ಟೈಪ್ ಮೊದಲೇ ಮುಗಿಸಿಬಿಡುತ್ತೇನೆ. 380 ಕುದುರೆ ಶಕ್ತಿ, ಸೂಪರ್‌ಚಾರ್ಜರ್, ಎಂಟು ಗೇರಿನ ಆಟೊಮ್ಯಾಟಿಕ್. ಶಬ್ದ ಕೇಳಿದವರು ಮನಸ್ಸು ಕೊಟ್ಟೇ ಕೊಡುತ್ತಾರೆ, ನಾನೂ ಕೊಟ್ಟೆ. ಆದರೆ ಕನ್ನಡಿ ಬಿಟ್ಟು 1.92 ಮೀಟರ್ ಅಗಲ. ತಿರುವಿನಲ್ಲಿ ಬಸ್ಸು ಬಂದರೆ ಎಡಗಡೆ ಚರಂಡಿ, ಬಲಗಡೆ ಬಸ್ಸು. ಆ ದಾರಿಯಲ್ಲಿ ಆ ಎಂಜಿನ್ನಿನ ಅರ್ಧ ಶಕ್ತಿಯನ್ನೂ ಬಳಸಲಾಗಲಿಲ್ಲ. ರಿಪೇರಿ ವಿಷಯದಲ್ಲಿ ಇದರ ಎಲ್ಲರಿಗೂ ಗೊತ್ತಿರುವ ದುರ್ಬಲ ಜಾಗ ಎಂಜಿನ್ ತಣಿಸುವ ಕೂಲೆಂಟ್ ದ್ರವದ ಪೈಪುಗಳು. ಪ್ಲಾಸ್ಟಿಕ್ಕಿನವು, ವಯಸ್ಸಾದಂತೆ ಬಿರುಕು ಬಿಡುತ್ತವೆ. ಕೆಲವು ಸೂಪರ್‌ಚಾರ್ಜರ್ ಅಡಿಯಲ್ಲೇ ಇವೆ, ಅಂದರೆ ಪೈಪು ಅಗ್ಗ, ಬಿಚ್ಚುವ ಕೂಲಿ ಜಾಸ್ತಿ. ಸಂಪಾಜೆ ಘಾಟಿ ಹತ್ತುವಾಗ ಕೂಲೆಂಟ್ ಸೋರಿ ಎಂಜಿನ್ ಕಾದರೆ ಕಾರು ಫ್ಲಾಟ್‌ಬೆಡ್ ಲಾರಿ ಮೇಲೆಯೇ ಹೋಗಬೇಕು. ಪೈಪುಗಳೆಲ್ಲ ಹೊಸದಾಗಿ ಹಾಕಿರುವ ಬಿಲ್ ಕೈಗೆ ಕೊಡದಿದ್ದರೆ ನಾನಂತೂ ಬೇಡ ಅಂತೀನಿ.

ಟಿಟಿ ನಮ್ಮ ಭಾವನ ಪರಿಚಯದವರದ್ದು, ಸುಂಟಿಕೊಪ್ಪದ ತೋಟದಲ್ಲಿತ್ತು. ಮೂರರಲ್ಲಿ ಊರಿಗೆ ಹೊಂದುವುದು ಇದೇ, ಅದರಲ್ಲಿ ಎರಡು ಮಾತಿಲ್ಲ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುತ್ತದೆ. ಒದ್ದೆ ಎಲೆ ಬಿದ್ದ ತಿರುವಿನಿಂದ ಹೊರಬರುವಾಗ ಚಕ್ರ ಜಾರುವ ಭಯ ಕಡಿಮೆ. ಹಿಂದೆ ಎರಡು ಪುಟ್ಟ ಸೀಟು. ಅಲ್ಲಿ ದೊಡ್ಡವರು ಕೂರಲಾರರು, ಅಂಗಡಿ ಸಾಮಾನು ಕೂರುತ್ತದೆ. 2.0 ಲೀಟರ್ ಟರ್ಬೊ, 230 ಕುದುರೆ ಶಕ್ತಿ. ಕೆಳಗಿನ ಆರ್‌ಪಿಎಂನಲ್ಲೇ ಎಳೆತ ಇರುವುದರಿಂದ ಏರು ಹತ್ತುವಾಗ ಗೇರ್ ಹುಡುಕಬೇಕಾಗಿಲ್ಲ.

ನೋಡಬೇಕಾದ ಜಾಗಗಳೂ ಸ್ಪಷ್ಟ. ವಾಟರ್ ಪಂಪ್ ಮತ್ತು ಥರ್ಮೋಸ್ಟಾಟ್ ಸೇರಿದ ಪ್ಲಾಸ್ಟಿಕ್ ಭಾಗ ಸೋರುವುದು ಈ ಎಂಜಿನ್ನಿನ ಹಳೇ ಕಾಯಿಲೆ. ಹಿಂದಿನ ಚಕ್ರಕ್ಕೆ ಶಕ್ತಿ ಕಳಿಸುವ ಹಾಲ್ಡೆಕ್ಸ್ ಕ್ಲಚ್ಚಿನ ಪಂಪಿಗೆ ಒಂದು ಸಣ್ಣ ಜಾಲರಿ ಇದೆ. ಕ್ಲಚ್ ಸವೆದ ಪುಡಿ ಅಲ್ಲಿ ಕಟ್ಟಿಕೊಂಡರೆ ಪಂಪ್ ಸುಟ್ಟು, ಕಾರು ಸದ್ದಿಲ್ಲದೆ ಮುಂದಿನ ಚಕ್ರದ ಕಾರಾಗುತ್ತದೆ. ಬರೀ ಆಯಿಲ್ ಬದಲಾಯಿಸಿದರೆ ಸಾಲದು, ಜಾಲರಿ ತೆಗೆದು ತೊಳೆದಿದ್ದಾರಾ ಕೇಳಿ. ಡ್ಯುಯಲ್ ಕ್ಲಚ್ ಗೇರ್‌ಬಾಕ್ಸಿನ ಆಯಿಲ್, ಫಿಲ್ಟರ್ 60,000 ಕಿಲೋಮೀಟರಿಗೆ. ಕಾರು ಕಡಿಮೆ ಓಡಿದೆ ಅಂತ ಇವನ್ನೆಲ್ಲ ಮುಂದೂಡಿದವರೇ ಜಾಸ್ತಿ.

ಇನ್ನು ಕೇಮನ್. ಪೋರ್ಷ ಅಂದ ಕೂಡಲೇ ಯಾರಾದರೊಬ್ಬರು ಐಎಂಎಸ್, ಅಂದರೆ ಎಂಜಿನ್ನಿನೊಳಗಿನ ಇಂಟರ್‌ಮೀಡಿಯೆಟ್ ಶಾಫ್ಟಿನ ಬೇರಿಂಗ್ ಮುರಿದು ಎಂಜಿನ್ ಹಾಳಾಗುತ್ತದೆ ಎನ್ನುತ್ತಾರೆ. ಆ ಭಯ 2008ರವರೆಗಿನ ಎಂಜಿನ್‌ಗಳದ್ದು. 2009ರ ಮಾಡೆಲ್‌ನಿಂದ ಬಂದ ಹೊಸ ಎಂಜಿನ್ನಿನಲ್ಲಿ ಆ ಶಾಫ್ಟೇ ಇಲ್ಲ. 2013ರಿಂದ 2016ರವರೆಗೆ ತಯಾರಾದ 981ಕ್ಕೆ ಅದು ಅನ್ವಯಿಸುವುದಿಲ್ಲ. 2.7 ಲೀಟರಿನ ಆರು ಸಿಲಿಂಡರ್, 275 ಕುದುರೆ ಶಕ್ತಿ, ಟರ್ಬೊ ಇಲ್ಲ. ಎಂಜಿನ್ ನಡುವೆ ಕೂತಿರುವುದರಿಂದ ಬಾನೆಟ್ ತೆರೆದರೆ ಬರೀ ಡಿಕ್ಕಿ. ಹಿಂದಿನ ಡಿಕ್ಕಿ ತೆರೆದರೂ ಕಾಣುವುದು ಆಯಿಲ್ ಮತ್ತು ಕೂಲೆಂಟ್ ಹಾಕುವ ಮುಚ್ಚಳಗಳಷ್ಟೇ. ಹಾಗಾಗಿ ಮೇಲಿಂದ ನೋಡಿ ತಲೆಯಾಡಿಸಿ ಪ್ರಯೋಜನವಿಲ್ಲ, ಲಿಫ್ಟ್ ಮೇಲೆ ಏರಿಸಲೇಬೇಕು.

ನಾನು ನೋಡಿದ್ದು ಗೋಣಿಕೊಪ್ಪದ ಬೆಳೆಗಾರರೊಬ್ಬರ ಕಾರು. ಮೂರರಲ್ಲಿ ಇದೇ ಅತಿ ಹೆಚ್ಚು ಓಡಿದ್ದು, ಏಕೆಂದರೆ ಅವರು ಬೆಂಗಳೂರಿಗೆ ಇದರಲ್ಲೇ ಹೋಗಿ ಬರುತ್ತಾರೆ. ಮುಂದಿನ ಬಂಪರಿನ ಎರಡು ಬದಿಯ ಗಾಳಿ ಕಿಂಡಿಗಳ ಹಿಂದೆ ರೇಡಿಯೇಟರ್, ಎಸಿ ಕಂಡೆನ್ಸರ್ ಇರುತ್ತವೆ. ಅಲ್ಲಿ ಕಸ ಸೇರಿ ಒದ್ದೆಯಾಗಿ ಉಳಿದರೆ ಕಂಡೆನ್ಸರ್ ತೂತಾಗುತ್ತದೆ. ಟಾರ್ಚ್ ಹಿಡಿದು ಬಗ್ಗಿ ನೋಡಿದೆ. ಮೂಲೆಯಲ್ಲಿ ಒಂದಿಷ್ಟು ಸಿಲ್ವರ್ ಓಕ್ ಎಲೆ, ಇನ್ನೂ ಒಣಗಿಯೇ ಇದ್ದವು. ಬೆರಳಿಗೆ ಮಣ್ಣು ಹತ್ತಲಿಲ್ಲ. "ವಾರಕ್ಕೊಮ್ಮೆ ಬ್ಲೋವರ್ ಹಿಡಿಸ್ತೀನಿ, ಕಾಫಿ ಕಣಕ್ಕೆ ತಂದದ್ದು" ಅಂದರು. ಸರ್ವಿಸ್ ಬುಕ್ಕಿಗಿಂತ ಆ ಮಾತು ನನಗೆ ಹೆಚ್ಚು ಹಿಡಿಸಿತು.

ಮೀಟರ್ ತಿರುಗಿಸಿದ್ದಾರಾ ಅಂತ ನೋಡುವುದಕ್ಕೂ ಇದರಲ್ಲಿ ದಾರಿ ಇದೆ. ಎಂಜಿನ್ ಎಷ್ಟು ಗಂಟೆ ಓಡಿದೆ ಎಂಬ ಲೆಕ್ಕ ಕಾರಿನ ಕಂಪ್ಯೂಟರಿನಲ್ಲಿ ಉಳಿದಿರುತ್ತದೆ, ಸರಿಯಾದ ಸ್ಕ್ಯಾನರ್ ಹಾಕಿದರೆ ಸಿಗುತ್ತದೆ. ಕಿಲೋಮೀಟರನ್ನು ಗಂಟೆಯಿಂದ ಭಾಗಿಸಿದರೆ ಸರಾಸರಿ ವೇಗ. ಹೆದ್ದಾರಿಯಲ್ಲಿ ಓಡಾಡಿದ ಕಾರು ಅಂತ ಹೇಳಿ ಗಂಟೆಗೆ ಹತ್ತು ಕಿಲೋಮೀಟರ್ ಬಂದರೆ ಏನೋ ಎಡವಟ್ಟಾಗಿದೆ ಅಂತಲೇ ಅರ್ಥ ಅಲ್ವಾ? ಅವರದ್ದು ನಲವತ್ತರ ಹತ್ತಿರ ಬಂತು, ಹೇಳಿದ್ದಕ್ಕೆ ಸರಿಹೊಂದಿತು.

ಓಡಿಸುವುದರ ಬಗ್ಗೆ ಹೇಳಬೇಕೆಂದರೆ, ಮೂರ್ನಾಡು ದಾಟಿದ ಮೇಲಿನ ತಿರುವುಗಳಲ್ಲಿ ಟಿಟಿ ಸುರಕ್ಷಿತ ಅನಿಸಿತು, ಕೇಮನ್ ಖುಷಿ ಕೊಟ್ಟಿತು. ಸ್ಟೀರಿಂಗ್ ತಿರುಗಿಸಿದಷ್ಟೇ ತಿರುಗುತ್ತದೆ, ಒಂದಿಂಚು ಹೆಚ್ಚಿಲ್ಲ, ಕಡಿಮೆಯಿಲ್ಲ. ಹಂಪು ಬಂದಾಗ ಮಾತ್ರ ಅಡ್ಡಡ್ಡ ಹತ್ತಿಸಬೇಕು. ನಮ್ಮ ತೋಟದ ಗೇಟಿನಿಂದ ಮನೆಯವರೆಗಿನ ಮಣ್ಣು ದಾರಿಗೆ ಇದನ್ನು ತರುವ ಮಾತೇ ಇಲ್ಲ. ಮಳೆಗಾಲದಲ್ಲಿ ರಸ್ತೆ ಬದಿಯ ಶೆಡ್, ಅಲ್ಲಿಂದ ಮನೆಗೆ ಜೀಪು.

ಮನೆಯಲ್ಲಿ ಒಂದೇ ಕಾರು ಇರುವುದಾದರೆ ಟಿಟಿ ತಗೊಳ್ಳಿ. ಜೀಪು ಇದ್ದೇ ಇದೆ ಅನ್ನುವವರಿಗೆ ಕೇಮನ್. ನಾನು ಕೇಮನ್‌ಗೆ ಮುಂಗಡ ಕೊಟ್ಟಿದ್ದೇನೆ. ಉಳಿದಿರುವ ತಕರಾರು ಟೈರಿನದ್ದು. ಟೈರಿನ ಪಕ್ಕದ ಗೋಡೆಯ ಮೇಲಿನ ನಾಲ್ಕು ಅಂಕಿಯಲ್ಲಿ ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಇವಕ್ಕೆ ಬಟನ್ (ಟೈರಿನ ಮೇಲಿನ ಅಚ್ಚು) ಚೆನ್ನಾಗಿದೆ, ಆದರೆ ವಯಸ್ಸಾಗಿದೆ. ನಾಲ್ಕರ ದುಡ್ಡು ರೇಟಿನಲ್ಲಿ ಇಳಿಸಿ ಅಂದಿದ್ದೇನೆ. ಅವರು ಸದ್ಯಕ್ಕೆ ಎರಡಕ್ಕೆ ಒಪ್ಪಿದ್ದಾರೆ.